ತಪ್ಪುಕಾಣಿಕೆ ಹಾಕಿದ್ದು ಹೌದು

ಕೆ.ಬಿ. ಬಡಾವಣೆ, ದಾವಣಗೆರೆ
೨-೪-೧೯೬೦

ಅಣ್ಣ ಶಿವಮೂರ್ತಪ್ಪನಿಗೆ ತಂಗಿ ಗುರುಶಾಂತಮ್ಮನ ನಮಸ್ಕಾರ.

ನಾನು ಕ್ಷೇಮ ಎಂದು ಮೊದಲು ಬರೆಯಬೇಕು. ಬರೆದರೆ ಸುಳ್ಳಾಗುತ್ತದೆ. ಸದ್ಯಕ್ಕೆ ನನ್ನ ಮೇಲೆ ಹೊರಿಸಿರುವ ಒಂದು ಸುಳ್ಳೇ ಸಾಕು.

ಮೊನ್ನೆ ಗುರುವಾರ ಬೆಳಿಗ್ಗೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಇಬ್ಬರು ಪೊಲೀಸರು ಬಂದು ಹೊಸ್ತಿಲ ಮೇಲೆ ನಿಂತು "ನಡೀರಿ" ಅಂದರು. ತೋಟಪ್ಪನವರ ಅಂಗಳದ ಹತ್ತಿಗೆ ಬೆಂಕಿ ಹಚ್ಚಿದವಳು ನಾನಂತೆ. ಉಣ್ಣಲು ಕೂತಿದ್ದ ಮಿಲ್ಲಿನವರು ಎಂಜಲು ಕೈಯಲ್ಲೇ ಎದ್ದರು. ನಾನು ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಬೇಯಿಸಿ ಬುಟ್ಟಿಗೆ ಹಾಕಿ, ಆಮೇಲೆ ಸೆರಗು ಸರಿಮಾಡಿಕೊಂಡು ಹೊರಟೆ. ತಲೆ ತಗ್ಗಿಸಿ ನಡೆಯಲಿಲ್ಲ.

ಠಾಣೆಯಲ್ಲಿ ಒಂದು ಕಾಗದ ಮುಂದಿಟ್ಟು "ಇಲ್ಲೊಂದು ಸಹಿ ಹಾಕಿಬಿಡ್ರಿ ಅಮ್ಮಾ, ಮನೀಗೆ ಹೋಗಬೋದು" ಅಂದರು. ಓದಿ ಹೇಳ್ರಿ ಅಂದೆ. "ಏನಿಲ್ಲ ಬಿಡ್ರಿ, ದಸ್ತೂರು" ಅಂದರು. "ದಸ್ತೂರಾದ್ರ ನೀವೇ ಹಾಕ್ಕೊಳ್ರಿ" ಅಂದೆ. ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ನಿನಗೆ ಹೇಳಿ ಕಳಿಸಿದ್ದೆ. ಹರಿಹರದಿಂದ ಬರುವ ಬಸ್ಸುಗಳನ್ನು ಕಿಟಕಿಯಿಂದ ನೋಡುತ್ತಾ ಕೂತೆ. ಐದು ಬಂದವು, ನೀನು ಇಳಿಯಲಿಲ್ಲ. ಕೊನೆಗೆ ಆನೆಕೊಂಡದ ಕೊಟ್ರವ್ವ, ನಮ್ಮ ಖಾನಾವಳಿಗೆ ಮೊಸರು ಹಾಕುತ್ತಾಳಲ್ಲ, ಅವಳು ತನ್ನ ಮನೆಯ ಪತ್ರ ತಂದು ಜಾಮೀನು ನಿಂತಳು. ಅವಳಿಗೂ ನನಗೂ ಯಾವ ನಂಟು ಹೇಳು.

ನಡೆದದ್ದು ನಿನಗೆ ಗೊತ್ತು. ಆದರೂ ಬರೆದಿಡುತ್ತೇನೆ, ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಮ್ಮನೆಯವರು ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ತೋಟಪ್ಪನವರ ಅದೇ ಜಾಗದಲ್ಲಿ ಬಾಡಿಗೆಗೆ ಕೂತು ಒಲೆ ಹಚ್ಚಿ ಬದುಕಿದ್ದೇನೆ. ಮಾರ್ಚ್ ಇಪ್ಪತ್ತೆರಡರಂದು ತೋಟಪ್ಪನವರು ಬಂದು, ಹತ್ತಿ ಒಟ್ಟಲು ತಮ್ಮ ಅಂಗಳ ಸಾಲದು, ಯುಗಾದಿಯೊಳಗೆ ಖಾಲಿ ಮಾಡು ಅಂದರು. ನಾನು ಬೀದಿಗೆಲ್ಲ ಕೇಳುವ ಹಾಗೆ "ನನ್ನ ಒಲಿ ಆರಸ್ತೀರೇನು? ನಿಮ್ಮ ಹತ್ತಿ ಹೊತ್ತಿ ಉರೀಲಿ" ಅಂದೆ. ಅಂದದ್ದು ಖರೆ. ಅದೇ ಸಂಜೆ ಹತ್ತಿ ಹೊತ್ತಿ ಉರಿದದ್ದೂ ಖರೆ. ಅದು ಹೊತ್ತುವಾಗ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ.

ಅಮಾವಾಸ್ಯೆಗೆ ನೀನೇ ನನ್ನನ್ನು ಉಕ್ಕಡಗಾತ್ರಿಗೆ ಕರೆದುಕೊಂಡು ಹೋದೆ. ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಅಜ್ಜಯ್ಯನ ಮುಂದೆ ತಪ್ಪುಕಾಣಿಕೆ ಹಾಕಿಸಿದೆ, ನೀನೂ ಒಂದು ಹಾಕಿದೆ. ಇನ್ನು ಅಜ್ಜಯ್ಯ ನೋಡಿಕೊಳ್ಳುತ್ತಾನೆ ಎಂದೆ. ಅಜ್ಜಯ್ಯನಿಗೆ ನೂರೆಂಟು ಕೆಲಸ, ನೀನಾದರೂ ನೋಡು. ಒಳ್ಳೆಯ ವಕೀಲರು ಯಾರೆಂದು ಬರೆ.

ಗುರುಶಾಂತಮ್ಮ


ಹರಿಹರ
೬-೪-೧೯೬೦

ಚಿರಂಜೀವಿ ಗುರುಶಾಂತಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ಗುರುವಾರ ಜವಳಿ ಅಂಗಡಿಗೆ ಮಾಲು ಬಂದಿತ್ತು. ಬಿಟ್ಟು ಬರಲಾಗಲಿಲ್ಲ. ಬೇರೆ ಅರ್ಥ ಮಾಡಿಕೊಳ್ಳಬಾರದು.

ನಮ್ಮ ಮನೆತನದಲ್ಲಿ ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತಿದವರಿಲ್ಲ. ಆದ್ದರಿಂದ ಗದ್ದಲ ಮಾಡದೆ ಮುಗಿಸುವುದು ಜಾಣತನ. ಮುರುಗೇಶಪ್ಪ ವಕೀಲರು ನಮ್ಮ ಸೋದರಮಾವನ ಕಡೆಯವರು, ದೊಡ್ಡ ಹೆಸರು. ಅವರಿಗೆ ಬರೆದಿದ್ದೇನೆ. ಅವರು ಹೇಳಿದಂತೆ ಕೇಳು, ಎದುರು ಮಾತಾಡಬೇಡ.

ತೋಟಪ್ಪನವರೂ ಮೊನ್ನೆ ಸಿಕ್ಕಿದ್ದರು. ಅವರು ನೀನು ತಿಳಿದಷ್ಟು ಕೆಟ್ಟವರಲ್ಲ. ನಾಲ್ಕು ಜನರ ಮುಂದೆ ತಪ್ಪಾಯಿತು ಎಂದು ಒಂದು ಮಾತು ಅಂದು, ಜಾಗ ಬಿಟ್ಟುಕೊಟ್ಟರೆ, ಮುಂದಿನದನ್ನು ಹಗುರ ಮಾಡಿಸುತ್ತೇನೆ ಎನ್ನುತ್ತಾರೆ. ನಿನಗೆ ಗೊತ್ತಿರಲಿ, ನಮ್ಮ ಶಾಂತಕುಮಾರಿಗೆ ನಡೆದಿರುವ ಮಾತುಕತೆ ಅವರ ಅಕ್ಕನ ಮಗನೊಂದಿಗೆ. ಮಗಳ ಬಾಳಿನ ಪ್ರಶ್ನೆ. ಹಾಗಾಗಿ ಸ್ವಲ್ಪ ದಿನ ಹರಿಹರದ ಕಡೆ ಬರಬೇಡ. ನಿನ್ನ ಅತ್ತಿಗೆ ಮರುಳಸಿದ್ದಮ್ಮನೂ ಹಾಗೇ ಅನ್ನುತ್ತಾಳೆ.

ನಾನು ಕೈಕಟ್ಟಿ ಕೂತಿಲ್ಲ. ಎಲ್ಲಿ ಒಳ್ಳೆಯ ಮಾತು ಹೇಳಬೇಕೋ ಅಲ್ಲಿ ಹೇಳಿದ್ದೇನೆ.

ಇಂತಿ ನಿನ್ನ ಅಣ್ಣ
ಶಿವಮೂರ್ತಪ್ಪ


ದಾವಣಗೆರೆ
೨೧-೪-೧೯೬೦

ಅಣ್ಣನಿಗೆ ನಮಸ್ಕಾರ.

ನಿನ್ನ ಮುರುಗೇಶಪ್ಪ ವಕೀಲರನ್ನು ನೋಡಿ ಬಂದೆ. ಫ್ಯಾನಿನ ಕೆಳಗೆ ಕೂತಿದ್ದರು. ಮಜ್ಜಿಗೆ ಕೊಡಿಸಿದರು, ನಿನ್ನ ಅಂಗಡಿ ಹೇಗೆ ನಡೆದಿದೆ ಎಂದು ಕೇಳಿದರು. ಬೆಂಕಿ ಯಾವ ಹೊತ್ತಿಗೆ ಹತ್ತಿತು, ಆಗ ನೀನೆಲ್ಲಿದ್ದೆ, ಯಾರು ನೋಡಿದರು, ಇದೊಂದನ್ನೂ ಕೇಳಲಿಲ್ಲ. ವಕಾಲತ್ತಿಗೆ ಸಹಿ ಮಾಡಿಸಿಕೊಂಡು, ಅದರ ಅಡಿಯಿಂದ ಒಂದು ಖಾಲಿ ಹಾಳೆ ಎಳೆದು ಇದಕ್ಕೂ ಹಾಕು ಅಂದರು.

"ಇದರಾಗ ಏನೂ ಇಲ್ಲಲ್ರಿ?" ಅಂದೆ.

"ಆಮೇಲೆ ಬರ್ಕೊತೀನವ್ವ. ತಪ್ಪು ಒಪ್ಕೊಂಡುಬಿಡು. ಮೊದಲ್ನೇ ಸಲ, ಹೆಣ್ಮಗಳು ಬ್ಯಾರೆ, ಬರೀ ದಂಡದಾಗ ಮುಗೀತದ."

"ಬೆಂಕಿ ಕೇಸು, ಬಡಿದಾಟದ ಕೇಸು ಎಷ್ಟು ನಡಿಸೀರಿ ನೀವು?"

ಅಷ್ಟು ಕೇಳಿದ್ದಕ್ಕೆ ಮುಖ ಬೇರೆಯಾಯಿತು. ಹೊಲ ಮನೆ ಪಾಲಿನ ವ್ಯಾಜ್ಯ ಬಿಟ್ಟರೆ ಬೇರೆ ಮಾಡಿದವರಲ್ಲ. ತೋಟಪ್ಪನವರ ಬಾಡಿಗೆ ಪತ್ರಗಳನ್ನೆಲ್ಲ ಬರೆಯುವವರೂ ಅವರೇ ಎಂದು ಗುಮಾಸ್ತರ ಬಾಯಿಂದ ಹೊರಬಿತ್ತು. ನನ್ನ ವಕಾಲತ್ತನ್ನು ಮೇಜಿನ ಮೇಲಿಂದ ತೆಗೆದುಕೊಂಡು ಅಲ್ಲೇ ಹರಿದು ಬಂದೆ. ಮಜ್ಜಿಗೆ ಕುಡಿದಿದ್ದೆ, ಅದಕ್ಕೆ ಉಪಕಾರವಾಯಿತು ಎಂದು ಹೇಳಿಯೇ ಬಂದೆ.

ಮಿಲ್ಲಿನವರು ಉಚ್ಚಂಗೆಪ್ಪ ವಕೀಲರ ಹೆಸರು ಹೇಳಿದರು. ಸೈಕಲ್ ಅಂಗಡಿಯ ಮೇಲೆ ಒಂದೇ ಕೋಣೆ. ಕೋಟಿನ ಒಂದು ಗುಂಡಿ ಕಿತ್ತಿದೆ, ಮಾತು ಒರಟು. ಮೊದಲು ನಾನು ಹೋಗಿ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಇನ್ನೊಬ್ಬರ ಕೇಸಿನಲ್ಲಿ ಅವರು ಹೇಗೆ ಸಾಕ್ಷಿಗಳನ್ನು ಕೇಳುತ್ತಾರೆ ಎಂದು ಎರಡು ದಿನ ನೋಡಿದೆ. ತರಕಾರಿ ಕೊಳ್ಳುವಾಗಲೂ ಉಗುರು ಚುಚ್ಚಿ ನೋಡುವವಳು ನಾನು, ವಕೀಲರನ್ನು ಸುಮ್ಮನೆ ಹಿಡಿಯಲೇ? ಆಮೇಲೆ ಮಹಡಿ ಹತ್ತಿದೆ. ಇದ್ದದ್ದನ್ನು ಮೂರು ಸಲ ಹೇಳಿಸಿದರು. ಮುರುಗೇಶಪ್ಪನವರ 'ಬರೀ ದಂಡ' ಕೇಳಿ ಎದ್ದು ನಿಂತುಬಿಟ್ಟರು.

"ನಾನೂರಾ ಮೂವತ್ತೈದನೇ ಕಲಮಿನಾಗ ಬರೀ ದಂಡ ಅಂಬೋದು ಇಲ್ಲವ್ವ. ಏಳು ವರ್ಷದ ತನಕ ಜೈಲು ಐತೆ, ಅದರ ಮ್ಯಾಲೆ ದಂಡ. ಒಪ್ಕೊಂಡಿದ್ರ ನೆಟ್ಟಗ ಒಳಗ ಹೋಗ್ತಿದ್ರಿ."

ಗೆಲ್ಲಿಸಿಕೊಡುತ್ತೀರಾ ಎಂದು ಕೇಳಿದೆ. "ಗೆಲ್ಲಿಸ್ತೀನಿ ಅಂತ ಆಣಿ ಮಾಡೋ ವಕೀಲನ ಹತ್ರ ಹೋಗಬ್ಯಾಡ್ರಿ. ತಾರೀಖು ತಾರೀಖಿಗೂ ನಾನೇ ಬಂದು ನಿಂದರ್ತೀನಿ, ಜೂನಿಯರ್‌ನ ಕಳ್ಸಾಕಿಲ್ಲ. ಅಷ್ಟು ಮಾತು ಕೊಡ್ತೀನಿ. ನೀವೂ ಒಂದು ಮಾತು ಕೊಡ್ರಿ. ತೋಟಪ್ಪನ ಕಡೇರು ಯಾರರ ಬಂದ್ರ ಅನ್ನ ಹಾಕ್ರಿ, ಮಾತು ಕೊಡಬ್ಯಾಡ್ರಿ. ನನ್ನ ಹತ್ರ ಮಾತ್ರ ಒಂದೂ ಮುಚ್ಚಿಡಬ್ಯಾಡ್ರಿ. ನೀವು ಮುಚ್ಚಿಟ್ಟದ್ದನ್ನ ನಾನು ಎದುರಿನೋರ ಬಾಯಾಗ ಕೇಳಬಾರ್ದು" ಅಂದರು. ಕೊಟ್ಟ ಫೀಸಿಗೆ ಕೇಳದೆಯೇ ರಸೀದಿ ಬರೆದರು.

ಜಿನ್ನಿಂಗ್ ಫ್ಯಾಕ್ಟರಿಯ ಫಿಟ್ಟರ್ ಹಯಾತ್ ಸಾಬ್ ಅವರನ್ನೂ ಅವರೇ ಹುಡುಕಿದ್ದಾರೆ. ಹತ್ತಿ ಬಿಡಿಸುವ ಯಂತ್ರದಲ್ಲಿ ಕಲ್ಲು ಸಿಕ್ಕರೆ ಕಿಡಿ ಹಾರುತ್ತದಂತೆ. ಆ ಕಿಡಿ ಹತ್ತಿಯ ಮೂಟೆಯೊಳಗೆ ಕೂತು, ದಿನ ಕಳೆದ ಮೇಲೆ ಏಳುತ್ತದಂತೆ. ತೋಟಪ್ಪನವರ ಅಂಗಳದಲ್ಲಿ ಹಿಂದೆಯೂ ಎರಡು ಸಲ ಹಾಗಾಗಿದೆಯಂತೆ.

ವಕೀಲರಿಗೆ ಎಲ್ಲ ಹೇಳಿದ್ದೇನೆ. ಉಕ್ಕಡಗಾತ್ರಿಯದೊಂದು ಬಿಟ್ಟೆ. ಅದು ನನಗೂ ಅಜ್ಜಯ್ಯನಿಗೂ ಸೇರಿದ್ದು, ಕೋರ್ಟಿಗೇನು ಕೆಲಸ.

ನಾಲ್ಕು ಜನರ ಮುಂದೆ ತಪ್ಪಾಯಿತು ಅನ್ನುವುದಿಲ್ಲ. ಜಾಗ ಬಿಡುವುದಿಲ್ಲ. ಶಾಂತಕುಮಾರಿಗೆ ನನ್ನ ಆಶೀರ್ವಾದ ಹೇಳು, ಆಶೀರ್ವಾದಕ್ಕೆ ಹರಿಹರದಲ್ಲಿ ತಡೆ ಇರಲಿಕ್ಕಿಲ್ಲ.

ಗುರುಶಾಂತಮ್ಮ


ಹರಿಹರ
೩-೫-೧೯೬೦

ಚಿ. ಗುರುಶಾಂತಮ್ಮನಿಗೆ.

ಮುರುಗೇಶಪ್ಪನವರು ನನಗೆ ಮುಖ ತೋರಿಸಲು ಆಗದಂತೆ ಬರೆದಿದ್ದಾರೆ. ದೊಡ್ಡವರ ಎದುರು ಕಾಗದ ಹರಿಯುವುದನ್ನು ಎಲ್ಲಿ ಕಲಿತೆ? ಆ ಉಚ್ಚಂಗೆಪ್ಪ ಕುಡುಕರನ್ನೂ ಜೂಜುಕೋರರನ್ನೂ ಬಿಡಿಸುವ ವಕೀಲ. ಅವನ ಕಕ್ಷಿಗಾರಳು ಎಂದರೆ ಜನ ಏನೆಂದುಕೊಳ್ಳುತ್ತಾರೆ?

ಉಕ್ಕಡಗಾತ್ರಿಯ ವಿಷಯ ಹೇಳದಿದ್ದದ್ದು ಮಾತ್ರ ಒಳ್ಳೆಯದು. ಯಾರಿಗೂ ಹೇಳಬೇಡ. ದೇವರ ವಿಷಯ ದೇವರಲ್ಲೇ ಇರಲಿ.

ತೋಟದ ಮಾವಿನಹಣ್ಣು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಇಳಿಸಿಕೋ.

ಶಿವಮೂರ್ತಪ್ಪ


ದಾವಣಗೆರೆ
೧೪-೭-೧೯೬೦

ಶಿವಮೂರ್ತಪ್ಪನವರಿಗೆ.

ಅಣ್ಣ ಎಂದು ಬರೆಯಲು ಕೈ ಬರಲಿಲ್ಲ.

ಚಾರ್ಜ್ ಶೀಟು ಬಂತು. ಸಾಕ್ಷಿಗಳು ಪೊಲೀಸರ ಮುಂದೆ ಏನು ಹೇಳಿದ್ದಾರೆ ಎಂಬುದರ ನಕಲನ್ನು ಆರೋಪಿಗೆ ಪುಕ್ಕಟೆ ಕೊಡಬೇಕಂತೆ, ಕಾನೂನಿದೆ. ಉಚ್ಚಂಗೆಪ್ಪನವರು ಪಟ್ಟು ಹಿಡಿದು ಎಲ್ಲವನ್ನೂ ತೆಗೆಸಿದರು. ಒಂದನೆಯವರು ತೋಟಪ್ಪ. ಎರಡು ಮತ್ತು ಮೂರನೆಯವರು ನಾನು ಬೈದದ್ದು ಕೇಳಿದವರು. ನಾಲ್ಕನೆಯದನ್ನು ವಕೀಲರು ಗಟ್ಟಿಯಾಗಿ ಓದಿದರು. ಅದರಲ್ಲಿದ್ದಂತೆಯೇ ಇಳಿಸುತ್ತೇನೆ.

'ಆರೋಪಿಯು ನನ್ನ ಸ್ವಂತ ತಂಗಿ. ಆಕೆಯು ನನ್ನ ಸಮಕ್ಷಮದಲ್ಲಿ ತಪ್ಪನ್ನು ಒಪ್ಪಿಕೊಂಡು, ತೋಟಪ್ಪನವರ ಹತ್ತಿಯನ್ನು ಸುಟ್ಟ ಬಗ್ಗೆ ಉಕ್ಕಡಗಾತ್ರಿ ಕ್ಷೇತ್ರದಲ್ಲಿ ತಪ್ಪುಕಾಣಿಕೆಯನ್ನು ಸಲ್ಲಿಸಿರುತ್ತಾಳೆ.' ಹೇಳಿದವರು ಶಿವಮೂರ್ತಪ್ಪ, ಜವಳಿ ವರ್ತಕರು, ಹರಿಹರ. ತಾರೀಖು ಮೂವತ್ತು ಮಾರ್ಚ್.

ನನ್ನನ್ನು ಕರೆದೊಯ್ದದ್ದು ಮೂವತ್ತೊಂದಕ್ಕೆ. ಅಂದರೆ ಹಿಂದಿನ ದಿನ ನೀನು ದಾವಣಗೆರೆಗೆ ಬಂದಿದ್ದೆ. ಠಾಣೆಗೆ ಹೋಗಿದ್ದೆ. ನನ್ನ ಖಾನಾವಳಿಯ ಮುಂದೆಯೇ ಹಾದುಹೋಗಿರಬೇಕು, ಬೇರೆ ದಾರಿ ಇಲ್ಲ. ಮರುದಿನ ನಾನು ಬಸ್ಸು ಎಣಿಸುತ್ತಿದ್ದೆ. ನೀನು ಮಾಲು ಇಳಿಸುತ್ತಿದ್ದೆ.

ಉಚ್ಚಂಗೆಪ್ಪನವರು ಕಡತ ಕಟ್ಟಿಟ್ಟು "ಇದನ್ನ ನೀವು ನಂಗ ಹೇಳ್ಲಿಲ್ಲ" ಅಂದರು. ಬೈಯಲಿಲ್ಲ, ಅದೇ ಹೆಚ್ಚು ನೋಯಿತು. "ಬೆಂಕಿ ಹಚ್ಚಿದ್ದನ್ನ ಕಂಡೋರು ಒಬ್ಬರೂ ಇಲ್ಲ. ಇಡೀ ಕೇಸು ಈ ನಾಕನೇ ಸಾಕ್ಷಿ ಮ್ಯಾಲೆ ನಿಂತೈತೆ. ಸ್ವಂತ ಅಣ್ಣ ಹೇಳ್ದ ಅಂದ್ರ ಯಾರು ನಂಬಲ್ಲ?" ನಾನು ಮುಚ್ಚಿಟ್ಟದ್ದು ನನ್ನ ತಪ್ಪು, ಅದನ್ನು ಅವರ ಮುಂದೆ ಒಪ್ಪಿಕೊಂಡೆ. ಆಮೇಲೆ ಯಾಕೆ ಕಾಣಿಕೆ ಹಾಕಿದೆ ಎಂದು ಹೇಳಿದೆ. ನಿನಗೂ ಹೇಳುತ್ತೇನೆ, ನೀನು ಎಂದೂ ಕೇಳಲಿಲ್ಲ. ಬೆಳಿಗ್ಗೆ ಹೊತ್ತಿ ಉರೀಲಿ ಅಂದೆ, ಸಂಜೆ ಉರಿಯಿತು. ಗಂಡ ಸತ್ತವಳ ಬಾಯಿ, ನೊಂದ ಬಾಯಿ, ತಾಕಿಬಿಟ್ಟಿತೇನೋ ಎಂದು ಐದು ದಿನ ಅನ್ನ ಇಳಿಯಲಿಲ್ಲ. ಆ ಮಾತಿಗೆ ಹಾಕಿದೆ. ಬೆಂಕಿಕಡ್ಡಿಗಲ್ಲ.

ನೀನೀಗ ಸರಕಾರದ ಸಾಕ್ಷಿ. ನಿನ್ನನ್ನು ಕಾಣಬಾರದು, ಬರೆಯಬಾರದು, ಸಾಕ್ಷಿ ತಿದ್ದಿದಳು ಎಂದು ಜಾಮೀನು ಕಿತ್ತುಕೊಳ್ಳುತ್ತಾರೆ ಎಂದು ವಕೀಲರು ಹೇಳಿದ್ದಾರೆ. ಆದರೂ ಇದೊಂದು ಬರೆದೆ. ಬೇಕಾದರೆ ಇದನ್ನೂ ಠಾಣೆಗೆ ಕೊಟ್ಟು ಬಾ, ದಾರಿ ನಿನಗೆ ಗೊತ್ತಿದೆ.

ಗುರುಶಾಂತಮ್ಮ


ಹರಿಹರ
೨೦-೭-೧೯೬೦

ತಂಗಿ ಗುರುಶಾಂತಮ್ಮನಿಗೆ.

ನಿನ್ನ ಕಾಗದ ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ.

ನಾನು ದೂರು ಕೊಡಲು ಹೋಗಿರಲಿಲ್ಲ. ಬೆಂಕಿಯ ಬಗ್ಗೆ ನಿನ್ನ ಹೆಸರು ಎತ್ತುತ್ತಿದ್ದಾರೆ ಎಂದು ತೋಟಪ್ಪನವರು ಹೇಳಿ ಕಳಿಸಿದರು. ಅದನ್ನು ಅಲ್ಲಿಗೇ ಮುಗಿಸೋಣ ಎಂದು ಹೋದೆ. ನಮ್ಮಲ್ಲಿ ತಪ್ಪುಕಾಣಿಕೆ ಹಾಕಿದ ಮೇಲೆ ಯಾರು ತಾನೆ ಮುಂದುವರಿಸುತ್ತಾರೆ? ಹೊಲದ ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ಹೊಡೆದಾಟವಿರಲಿ, ಕಾಣಿಕೆ ಬಿದ್ದ ಮೇಲೆ ಎದುರಿನವನು ಬಾಯಿ ಮುಚ್ಚುತ್ತಾನೆ. ಸಬ್ ಇನ್‌ಸ್ಪೆಕ್ಟರಿಗೆ ಅದನ್ನೇ ಹೇಳಿದೆ. "ಆಕಿ ಕಾಣಿಕಿ ಹಾಕ್ಯಾಳ್ರಿ, ಇನ್ನ ಬಿಟ್ಟುಬಿಡ್ರಿ" ಅಂದೆ. ಅವರು ತಲೆಯಾಡಿಸಿದರು, ಚಹಾ ತರಿಸಿದರು. ಪಕ್ಕದಲ್ಲಿ ಒಬ್ಬ ಬರೆಯುತ್ತಿದ್ದ. ಬೇರೇನೋ ಬರೆಯುತ್ತಿದ್ದಾನೆ ಎಂದುಕೊಂಡೆ. ನನ್ನ ಸಹಿ ಕೂಡ ಕೇಳಲಿಲ್ಲ. ಒಳ್ಳೆಯದು ಮಾಡಿ ಬಂದೆನೆಂದು ಸಮಾಧಾನದಿಂದ ಬಸ್ಸು ಹತ್ತಿದ್ದೆ.

ಈಗ ನೀನು ಬೈದ ಮಾತಿಗೆ ಹಾಕಿದೆ ಎನ್ನುತ್ತೀ. ಅಂದು ಅಜ್ಜಯ್ಯನ ಮುಂದೆ ನೀನು ಅತ್ತ ರೀತಿ ನೋಡಿ ನಾನು ಬೇರೆಯೇ ತಿಳಿದಿದ್ದೆ. ಒಡಹುಟ್ಟಿದವನು ಕೇಳುತ್ತಿದ್ದೇನೆ, ಒಂದು ಸತ್ಯ ಹೇಳು. ಹತ್ತಿಗೆ ಬೆಂಕಿ ನೀನು ಹಚ್ಚಲಿಲ್ಲವೇ?

ಶಿವಮೂರ್ತಪ್ಪ


ಹರಿಹರ
೧೬-೮-೧೯೬೦

ಗುರುಶಾಂತಮ್ಮನಿಗೆ.

ಉತ್ತರ ಬರಲಿಲ್ಲ. ಕೇಳಬಾರದ್ದು ಕೇಳಿದೆನೆಂದು ತೋರುತ್ತದೆ. ಶ್ರಾವಣದಲ್ಲಿ ಪ್ರತಿ ವರ್ಷ ನೀನು ಕಳಿಸುತ್ತಿದ್ದ ಶೇಂಗಾ ಹೋಳಿಗೆಯನ್ನು ಶಾಂತಕುಮಾರಿ ಕೇಳಿದಳು. ಏನು ಹೇಳಲಿ?

ಶಿವಮೂರ್ತಪ್ಪ


ದಾವಣಗೆರೆ
೩೦-೮-೧೯೬೦

ಶಿವಮೂರ್ತಪ್ಪನವರಿಗೆ.

ಹಚ್ಚಲಿಲ್ಲ.

ಇದನ್ನು ನಿನ್ನೆ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿದೆ. ಆರೋಪ ಓದಿ ಹೇಳಿ, ಒಪ್ಪುತ್ತೀಯಾ ಎಂದು ಕೇಳಿದರು. "ಒಪ್ಪಲ್ರಿ" ಅಂದೆ. ಮೆತ್ತಗೆ ಹೇಳಿದರೂ ಆಗುತ್ತಿತ್ತು ಎಂದು ಉಚ್ಚಂಗೆಪ್ಪನವರು ಆಮೇಲೆ ನಕ್ಕರು. ಹೊರಗಿನ ಕಟ್ಟೆಯವರೆಗೆ ಕೇಳಿಸಿತಂತೆ. ಕೇಳಿಸಲಿ. ಬೈದದ್ದು ಬೀದಿಗೆ ಕೇಳಿತ್ತು, ಇದೂ ಬೀದಿಗೆ ಕೇಳಬೇಕು.

ಅಪರಿಚಿತರು ನನ್ನನ್ನು ಕಳ್ಳಿ ಅಂದರೂ ಅನ್ನಲಿ ಎಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಮಾರ್ಚ್‌ನಿಂದ ನೀನು ನನ್ನನ್ನು ಬೆಂಕಿ ಹಚ್ಚಿದವಳೆಂದೇ ತಿಳಿದು ಮಾವಿನಹಣ್ಣು ಕಳಿಸಿದೆಯಲ್ಲ, ಅದು ಎದೆಗೆ ಬಡಿದಿದೆ.

ಖಾನಾವಳಿ ನಡೆದಿದೆ. ಕೇಸಾದ ಮೇಲೆ ಊಟಕ್ಕೆ ಹತ್ತು ಜನ ಹೆಚ್ಚಾಗಿದ್ದಾರೆ. ಸಾಕ್ಷಿಯ ಕಟಕಟೆ ಹತ್ತಿದಾಗ ನೀನು ಏನು ಹೇಳಬೇಕೆಂದು ನಾನು ಹೇಳುವುದಿಲ್ಲ. ಜಾಮೀನಿನ ಭಯಕ್ಕಲ್ಲ. ಹೇಳಿಸಿಕೊಂಡು ಹೇಳಿದ ಮಾತು ನನಗೆ ಬೇಡ.

ಗುರುಶಾಂತಮ್ಮ


ಹರಿಹರ
೨೮-೯-೧೯೬೦

ಗುರುಶಾಂತಮ್ಮನಿಗೆ.

ಸಮನ್ಸ್ ಬಂದಿದೆ. ಅಕ್ಟೋಬರ್ ಐದಕ್ಕೆ ನನ್ನ ಸಾಕ್ಷ್ಯ.

ತೋಟಪ್ಪನವರು ಅಂಗಡಿಗೆ ಬಂದು ಒಂದು ತಾಸು ಕೂತರು. ಪೊಲೀಸರು ಬರೆದುಕೊಂಡ ಹಾಗೆಯೇ ಹೇಳಿದರೆ ಸಾಕು, ಹೆಚ್ಚಿಗೆ ಬೇಡ ಎಂದರು. ಹದಿನಾರನೇ ತಾರೀಖಿಗೆ ನಿಶ್ಚಿತಾರ್ಥ ಇಟ್ಟುಕೊಳ್ಳೋಣ ಎಂದು ಅದರ ಬೆನ್ನಿಗೇ ಹೇಳಿದರು. ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಆಡಿದರು. ಮರುಳಸಿದ್ದಮ್ಮ ಸೀರೆ ಆರಿಸಲು ಶುರುಮಾಡಿದ್ದಾಳೆ.

ನನಗೆ ಊಟ ಸೇರುತ್ತಿಲ್ಲ. ಬೇರೇನೂ ಬರೆಯಲಾರೆ.

ಶಿವಮೂರ್ತಪ್ಪ


ದಾವಣಗೆರೆ
೭-೧೦-೧೯೬೦

ಅಣ್ಣನಿಗೆ.

ಕಟಕಟೆ ಇಳಿದವನೇ ಯಾರ ಮುಖವನ್ನೂ ನೋಡದೆ ಬಸ್ ಸ್ಟ್ಯಾಂಡಿಗೆ ಓಡಿದೆ. ನೀನು ಏನು ಹೇಳಿದೆ ಎಂದು ನಿನಗೇ ನೆನಪಿದೆಯೋ ಇಲ್ಲವೋ. ನಮ್ಮ ವಕೀಲರ ಗುಮಾಸ್ತರು ಮಾತಿಗೆ ಮಾತು ಗೀಚಿಕೊಂಡಿದ್ದರು, ಅವರಿಂದ ಇಳಿಸಿಕೊಂಡೆ. ಮುಂದೆ ಯಾರಾದರೂ ಬೇರೆ ಹೇಳಿದರೆ ನಿನ್ನ ಹತ್ತಿರ ಇರಲಿ.

ಸರಕಾರಿ ವಕೀಲರು ಕೇಳಿದ್ದಕ್ಕೆ ನೀನು, ಕಾಣಿಕೆ ಹಾಕಿದ್ದು ಹೌದು ಅಂದೆ. ಅವರು ಗೆದ್ದವರ ಹಾಗೆ ಕೂತರು. ಆಮೇಲೆ ಉಚ್ಚಂಗೆಪ್ಪನವರ ಪಾಟೀಸವಾಲು.

"ಅವತ್ತು ನೀವೂ ಕಾಣಿಕಿ ಹಾಕಿದ್ರೇನು?"

"ಹಾಕಿದ್ದೆ."

"ಹಂಗಾರ ಹತ್ತಿಗೆ ನೀವೂ ಬೆಂಕಿ ಹಚ್ಚಿದ್ರೇನು?"

ಕೋರ್ಟೆಲ್ಲ ನಕ್ಕಿತು. "ಇಲ್ಲ" ಅಂದೆ.

"ಮತ್ತ ನೀವು ಯಾವ ತಪ್ಪಿಗೆ ಹಾಕಿದ್ರಿ?"

ಸರಕಾರಿ ವಕೀಲರು ಎದ್ದು ಇದು ಕೇಸಿಗೆ ಸೇರಿದ್ದಲ್ಲ ಅಂದರು. ಮ್ಯಾಜಿಸ್ಟ್ರೇಟರು ಹೇಳಲಿ ಬಿಡಿ ಅಂದರು. ನೀನು ಟೋಪಿ ತೆಗೆದೆ, ಮತ್ತೆ ಹಾಕಿಕೊಂಡೆ. ತೋಟಪ್ಪನವರ ಕಡೆ ನೋಡಿದೆ. ನನಗೇ ನಿನ್ನ ಮೇಲೆ ಕನಿಕರ ಬಂತು.

"ಆ ಜಾಗ ಬಿಡಸ್ರಿ ಅಂತ ತೋಟಪ್ಪನೋರಿಗೆ ನಾನೇ ಒಪ್ಪಿಗಿ ಕೊಟ್ಟಿದ್ದೆ. ಮಗಳ ಸಂಬಂಧ ಕುದುರ್ಲಿ ಅಂತ. ತಂಗಿಗೆ ಹೇಳಿರ್ಲಿಲ್ಲ. ಆಕಿ ಬೈದದ್ದು ನಾನು ಮಾಡಿದ್ದಕ್ಕ. ಅದಕ್ಕ ಹಾಕ್ದೆ."

"ನಿಮ್ಮ ತಂಗಿ ಯಾಕ ಹಾಕಿದ್ರು?"

"ಬೈದ ಮಾತು ತಾಕ್ತೇನೋ ಅಂತ ಹೆದರಿ."

"ನಾನು ಬೆಂಕಿ ಹಚ್ಚೀನಿ ಅಂತ ಆಕಿ ನಿಮ್ಮ ಮುಂದ ಅಂದ್ಲೇನು?"

"ಎಂದೂ ಅನ್ಲಿಲ್ಲ. ನಾನು ಅನ್ಕೊಂಡೆ."

ಇಷ್ಟು. ಉಚ್ಚಂಗೆಪ್ಪನವರು ಹೊರಗೆ ಬಂದು ಹಣೆ ಒರೆಸಿಕೊಂಡರು. "ಉತ್ತರ ಗೊತ್ತಿಲ್ಲದ ಪ್ರಶ್ನಿ ಕೇಳಬಾರ್ದು ಅಂತ ನಮ್ಮ ಕಸುಬಿನಾಗ ಕಲಿಸ್ತಾರ. ಅರಿತೋ ಅರಿಯದೋ ಮಾಡಿದ ತಪ್ಪಿಗೆ ಅಂತ ಏನರ ಹೇಳ್ತಾನ ಅಂದ್ಕೊಂಡು ಕೇಳ್ದೆ. ಇದು ಬರತೈತೆ ಅಂತ ಗೊತ್ತಿರ್ಲಿಲ್ಲ" ಅಂದರು.

ನನಗೂ ಗೊತ್ತಿರಲಿಲ್ಲ. ಕೊಟ್ರವ್ವ ನನ್ನ ಕೈ ಹಿಡಿದು ಗೆದ್ದೆವು ಗೆದ್ದೆವು ಎನ್ನುತ್ತಿದ್ದಳು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಹನ್ನೊಂದು ವರ್ಷದ ನನ್ನ ಒಲೆಯನ್ನು ಆರಿಸಲು ನೀನು ಒಪ್ಪಿಗೆ ಕೊಟ್ಟಿದ್ದೆ! ತೋಟಪ್ಪನವರನ್ನು ಬೈದ ಬಾಯಿ ನಿನ್ನನ್ನು ಬೈಯಬೇಕಿತ್ತು. ನೀನು ಎದುರಿಗಿದ್ದಿದ್ದರೆ ಅಂದೇ ಬೈದು ಹಗುರಾಗುತ್ತಿದ್ದೆ, ನೀನು ಓಡಿದೆ.

ಆದರೂ ಒಂದು ಹೇಳುತ್ತೇನೆ. ತೋಟಪ್ಪನವರು ಎದುರಿಗೇ ಕೂತಿದ್ದಾಗ ಅದನ್ನು ಹೇಳಿದೆ. ನಾನು ಹೇಳಿಕೊಡಲಿಲ್ಲ, ನೀನೇ ಹೇಳಿದೆ. ಅದಕ್ಕೇ ಮೇಲೆ ಅಣ್ಣನಿಗೆ ಎಂದು ಬರೆದೆ.

ಗುರುಶಾಂತಮ್ಮ


ಹರಿಹರ
೧೯-೧೦-೧೯೬೦

ತಂಗಿ ಗುರುಶಾಂತಮ್ಮನಿಗೆ.

ನಿಶ್ಚಿತಾರ್ಥ ನಡೆಯಲಿಲ್ಲ. ತೋಟಪ್ಪನವರ ಅಕ್ಕ ಒಂದು ಸಾಲಿನ ಕಾಗದ ಕಳಿಸಿದರು. ಮರುಳಸಿದ್ದಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಶಾಂತಕುಮಾರಿ ಮಾತ್ರ ಕೋರ್ಟಿನಲ್ಲಿ ಏನಾಯಿತು ಎಂದು ಎರಡು ಸಲ ಹೇಳಿಸಿಕೊಂಡಳು. "ಅತ್ತೀನ ಬೀದೀಗೆ ಹಾಕಿ ನನ್ನ ಮದುವಿ ಮಾಡಾಕ ಹೊಂಟಿದ್ರೇನಪ್ಪ?" ಅಂದು ಎದ್ದು ಒಳಗೆ ಹೋದಳು.

ನನ್ನನ್ನು ಕ್ಷಮಿಸು. ಬೇರೆ ಮಾತು ನನ್ನಲ್ಲಿಲ್ಲ.

ಶಿವಮೂರ್ತಪ್ಪ


ದಾವಣಗೆರೆ
೨೫-೧೧-೧೯೬೦

ಅಣ್ಣನಿಗೆ.

ನಿನ್ನೆ ತೀರ್ಪು. ಖುಲಾಸೆ.

ಕಾಣಿಕೆ ಹಾಕುವುದು ಅಪರಾಧವನ್ನು ಒಪ್ಪಿಕೊಂಡಂತಲ್ಲ, ಬೈಯುವುದು ಬೆಂಕಿ ಹಚ್ಚಿದಂತಲ್ಲ ಎಂದು ಮ್ಯಾಜಿಸ್ಟ್ರೇಟರು ಬರೆದಿದ್ದಾರೆ. ಹಯಾತ್ ಸಾಬ್ ಅವರ ಮಾತನ್ನೂ ತೆಗೆದುಕೊಂಡಿದ್ದಾರೆ. ಕೊಟ್ರವ್ವನ ಮನೆ ಪತ್ರ ಅವಳ ಕೈಗೆ ಕೊಟ್ಟು ಬಂದೆ. ಇವತ್ತು ಊಟಕ್ಕೆ ಬಂದವರಿಗೆಲ್ಲ ಹೋಳಿಗೆ. ನಾಲ್ಕು ಶಾಂತಕುಮಾರಿಗೆಂದು ಕಟ್ಟಿ ಕಳಿಸಿದ್ದೇನೆ, ಅವಳಿಗೇ ಕೊಡು.

ಗುರುಶಾಂತಮ್ಮ


ದಾವಣಗೆರೆ
೧೮-೧-೧೯೬೧

ಅಣ್ಣನಿಗೆ.

ನಿನ್ನ ಮೂರೂ ಕಾಗದ ಬಂದವು. ಉತ್ತರ ಬರೆಯುವಂಥದ್ದು ನಡೆಯಲಿ ಎಂದು ಕಾಯುತ್ತಿದ್ದೆ, ನಡೆಯಿತು.

ಮೊನ್ನೆ ಮಧ್ಯಾಹ್ನ ತೋಟಪ್ಪನವರು ಖಾನಾವಳಿಗೆ ಬಂದರು. ಒಬ್ಬರೇ. ಕೈಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ಮಿಲ್ಲಿನವರು ಕೂರುವ ಮಣೆಯ ಮೇಲೆ ಕೂತರು. ನಾನು ಬಡಿಸುವುದನ್ನು ನಿಲ್ಲಿಸಲಿಲ್ಲ. ಸಾಲು ಎದ್ದ ಮೇಲೆ ಬಾಯಿ ಬಿಟ್ಟರು.

"ಗುರುಶಾಂತವ್ವ, ಹೊಸ ಹತ್ತಿ ಬಂದೈತೆ. ಹನ್ನೆರಡು ಗಾಡಿ ಬೀದ್ಯಾಗ ನಿಂತಾವ. ಹಮಾಲರು ಅಂಗಳದಾಗ ಇಳಸಾಕ ಒಲ್ಲೆ ಅಂತಾರ. ನಿಮ್ಮ ಮಾತು ಆ ನೆಲದ ಮ್ಯಾಲೆ ಐತಂತ. ಅದನ್ನ ಹಿಂದಕ್ಕ ತಗೊಂಬಿಡ್ರಿ."

ಹತ್ತು ತಿಂಗಳಿಂದ ತಡೆದಿದ್ದ ನಗು ಬಂತು, ನಗಲಿಲ್ಲ. "ಮ್ಯಾಜಿಸ್ಟ್ರೇಟರ ಮುಂದ ನಾನು ಕೈಯಾರೆ ಹಚ್ಚೀನಿ ಅಂದ್ರಿ. ಈಗ ಬಾಯಿಂದ ಹತ್ತಿತು ಅಂತೀರಿ. ಎರಡರಾಗ ಯಾವುದು ಖರೆ?" ಅಂದೆ. ಅವರು ಎಲೆ ಅಡಿಕೆಯನ್ನು ನನ್ನ ಕಡೆ ಸರಿಸಿದರು. ಆ ಮನುಷ್ಯ ನನ್ನನ್ನು ಬೆಂಕಿ ಹಚ್ಚಿದವಳೆಂದು ಒಂದು ದಿನವೂ ನಂಬಿರಲಿಲ್ಲ ಅಣ್ಣ. ನಂಬಿದವನು ನೀನೊಬ್ಬನೇ.

ಉಚ್ಚಂಗೆಪ್ಪನವರಿಗೆ ಹೇಳಿ ಕಳಿಸಿದೆ. ಬಂದರು, ಸ್ಟ್ಯಾಂಪ್ ಕಾಗದ ತರಿಸಿದರು. ಇದೇ ಜಾಗ, ಇದೇ ಬಾಡಿಗೆ, ಇನ್ನು ಹತ್ತು ವರ್ಷ ಎಬ್ಬಿಸುವಂತಿಲ್ಲ ಎಂದು ತೋಟಪ್ಪನವರ ಕೈಯಿಂದ ಸಹಿ. ಇದು ಗಟ್ಟಿಯಾಗಲು ರಿಜಿಸ್ಟರ್ ಮಾಡಿಸಬೇಕೆಂದರು, ನಾಳೆ ಅದೂ ಆಗುತ್ತದೆ. ನಾನು ಒಂದೊಂದು ಸಾಲನ್ನೂ ಓದಿಸಿಕೊಂಡು ಆಮೇಲೆ ಸಹಿ ಹಾಕಿದೆ. ಖಾಲಿ ಬಿಟ್ಟಿದ್ದ ಕಡೆಯೆಲ್ಲ ಗೀಟು ಎಳೆಸಿದೆ.

ಆಮೇಲೆ ಅಂಗಳಕ್ಕೆ ಹೋಗಿ ಹಮಾಲರ ಮುಂದೆ ನಿಂತೆ. ತಪ್ಪಾಯಿತು ಅನ್ನಲಿಲ್ಲ, ಹಿಂದಿನ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. "ಈ ವರ್ಷದ ಹತ್ತಿ ತಣ್ಣಗಿರ್ಲಿ. ಮೂಟಿ ಇಳಸೋ ಮುಂದ ಒಳಗ ಕೈ ಹಾಕಿ ನೋಡ್ರಿ, ಬೆಚ್ಚಗಿದ್ರ ದೂರ ಇಡ್ರಿ" ಅಂದೆ. ಅದು ಹಯಾತ್ ಸಾಬ್ ಹೇಳಿಕೊಟ್ಟದ್ದು. ಹಮಾಲರು ಕೈ ಮುಗಿದು ಗಾಡಿ ಬಿಚ್ಚಿದರು. ತೋಟಪ್ಪನವರು ತಾವೂ ಉಕ್ಕಡಗಾತ್ರಿಗೆ ಹೋಗಿ ಕಾಣಿಕೆ ಹಾಕಿಬರಲೇ ಎಂದು ವಕೀಲರನ್ನು ಕೇಳಿದರು. "ಹಾಕ್ರಿ, ಜತೀಗೆ ಯಾರನ್ನೂ ಕರಕೊಂಡು ಹೋಗಬ್ಯಾಡ್ರಿ" ಅಂದರು ಉಚ್ಚಂಗೆಪ್ಪನವರು.

ಇನ್ನು ನಿನ್ನ ವಿಷಯ. ಮೂರು ಕಾಗದದಲ್ಲಿ ಮೂರು ಸಲ ಕ್ಷಮಿಸಿದೆಯಾ ಎಂದು ಕೇಳಿದ್ದೀ. ಕ್ಷಮಿಸಿಲ್ಲ. ಈ ಅಮಾವಾಸ್ಯೆಗೆ ಮತ್ತೆ ಕಾಣಿಕೆ ಹಾಕಿ ಬಂದೆ ಎಂದೂ ಬರೆದಿದ್ದೀ. ಅದನ್ನು ನಿಲ್ಲಿಸು. ತಪ್ಪು ಮಾಡಿದ್ದು ಅಜ್ಜಯ್ಯನಿಗಲ್ಲ, ನನಗೆ. ಸಲ್ಲಿಸುವುದಿದ್ದರೆ ಇಲ್ಲಿಗೆ ಬಂದು ಸಲ್ಲಿಸು.

ಭಾನುವಾರ ಬಾ. ಶಾಂತಕುಮಾರಿಯನ್ನೂ ಕರೆದುಕೊಂಡು ಬಾ, ಅವಳು ಒಳಗೆ ನನ್ನ ಜೊತೆ ಕೂರಲಿ. ನೀನು ಹೊರಗೆ ಮಿಲ್ಲಿನವರ ಸಾಲಿನಲ್ಲಿ ಕೂತು ಉಣ್ಣು. ಬಿಸಿ ರೊಟ್ಟಿ ನಾನೇ ಬಡಿಸುತ್ತೇನೆ, ಮಾತಾಡುವುದಿಲ್ಲ. ಅದರ ಮುಂದಿನ ಭಾನುವಾರವೂ ಬಾ, ಆಗಲೂ ಮಾತಾಡುವುದಿಲ್ಲ. ಬರುವುದನ್ನು ಬಿಡಬೇಡ. ಮಾತಾಡುವ ಭಾನುವಾರ ಯಾವುದು ಎಂದು ನಾನು ಹೇಳುತ್ತೇನೆ.

ನಿನ್ನ ತಂಗಿ
ಗುರುಶಾಂತಮ್ಮ